ವಿದ್ಯೆಯ ದಾರಿ, ವೃತ್ತಿಯ ದಾರಿ: ಸರ್ ಸಿ.ವಿ. ರಾಮನ್

ಪ್ರೌಢಶಾಲೆಯ ಮೆಟ್ಟಿಲಿಳಿದು ಕಾಲೇಜಿನ ಬಾಗಿಲಿಗೆ ಬಂದ ವಿದ್ಯಾರ್ಥಿಯನ್ನು ಮೊದಲು ಎದುರುಗೊಳ್ಳುವ ಪ್ರಶ್ನೆ, ಕಲಾ ವಿಭಾಗವೋ ವಿಜ್ಞಾನ ವಿಭಾಗವೋ ಎಂಬುದು. ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ: ಯಾವುದನ್ನು ಓದಿದರೆ ಉದ್ಯೋಗ ದೊರೆತೀತು? ಬಡತನವನ್ನು ಕಂಡುಂಡ ಮನೆಯವರು ಹೀಗೆ ಕೇಳುವುದರಲ್ಲಿ ದೋಷವೇನೂ ಇಲ್ಲ. ಆದರೆ ಅನ್ನದ ದಾರಿ ಬೇರೆ, ಅರಿವಿನ ದಾರಿ ಬೇರೆ, ಒಂದನ್ನು ಹಿಡಿದವನು ಇನ್ನೊಂದನ್ನು ಶಾಶ್ವತವಾಗಿ ಬಿಡಬೇಕು ಎಂಬ ಭಾವನೆ ಎಷ್ಟರ ಮಟ್ಟಿಗೆ ನಿಜ? ಬದುಕಿನ ಕೊನೆಯ ಮೂವತ್ತೇಳು ವರ್ಷಗಳನ್ನು ಕನ್ನಡ ನಾಡಿನಲ್ಲಿ ಕಳೆದ ವಿಶ್ವವಿಖ್ಯಾತ ವಿಜ್ಞಾನಿ ಸರ್ ಚಂದ್ರಶೇಖರ ವೆಂಕಟರಾಮನ್ ಅವರ ಜೀವನ ಈ ವಿಚಾರದಲ್ಲಿ ಮನನಯೋಗ್ಯವಾಗಿದೆ.

ರಾಮನ್ ಅವರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರಾಗಿದ್ದರು. ಮನೆಯಲ್ಲಿ ಸಂಪತ್ತಿಗಿಂತ ಪುಸ್ತಕಗಳೇ ಹೆಚ್ಚು. ಬಾಲಕ ರಾಮನ್ ಹದಿಹರೆಯಕ್ಕೆ ಕಾಲಿಡುವ ಮುನ್ನವೇ ಮೆಟ್ರಿಕ್ಯುಲೇಷನ್ ಮುಗಿಸಿ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. 1904ರ ಬಿ.ಎ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದುದಲ್ಲದೆ, ಭೌತಶಾಸ್ತ್ರದಲ್ಲಿಯೂ ಇಂಗ್ಲಿಷಿನಲ್ಲಿಯೂ ಸುವರ್ಣ ಪದಕಗಳಿಗೆ ಪಾತ್ರರಾದರು. ಅಂದು ಆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನು ಓದಿದವರು ಪಡೆಯುತ್ತಿದ್ದುದೂ ಬಿ.ಎ. ಪದವಿಯೇ. ಮುಂದೆ ವಿಜ್ಞಾನಕ್ಕಾಗಿ ನೊಬೆಲ್ ಪಾರಿತೋಷಕ ಪಡೆದವರ ಈ ಪದವಿಯ ಹೆಸರಿನಲ್ಲಿ ವಿಜ್ಞಾನವೇ ಇರಲಿಲ್ಲವೆಂಬುದು ಗಮನಾರ್ಹ.

ಪ್ರತಿಭಾವಂತ ತರುಣರ ಕಣ್ಣು ಆಗ ಇಂಡಿಯನ್ ಸಿವಿಲ್ ಸರ್ವಿಸಿನ ಮೇಲಿರುತ್ತಿತ್ತು. ಅದರ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ರಾಮನ್ ಅವರ ದುರ್ಬಲ ಶರೀರ ಇಂಗ್ಲೆಂಡಿನ ಹವೆಯನ್ನು ತಾಳಲಾರದೆಂದು ಮದರಾಸಿನ ಸರ್ಕಾರಿ ವೈದ್ಯರು ತೀರ್ಪಿತ್ತದ್ದರಿಂದ ಆ ಬಾಗಿಲು ಮುಚ್ಚಿತು. ಅವರು ಎಂ.ಎ. ತರಗತಿಯಲ್ಲಿ ಭೌತಶಾಸ್ತ್ರವನ್ನೇ ಮುಂದುವರಿಸಿದರು. 1906ರ ನವೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಬೆಳಕನ್ನು ಕುರಿತ ಅವರ ಪ್ರಥಮ ಸಂಶೋಧನ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ವಿದ್ಯೆ ಇದ್ದಿತು, ಆ ವಿದ್ಯೆಗೆ ತಕ್ಕ ವೃತ್ತಿ ದೇಶದಲ್ಲಿರಲಿಲ್ಲ. ಸಂಶೋಧನೆಯನ್ನೇ ನಂಬಿ ಸಂಸಾರ ಹೂಡುವುದು ಅಂದಿನ ಭಾರತೀಯ ಯುವಕನಿಗೆ ಅಸಾಧ್ಯಪ್ರಾಯವಾಗಿತ್ತು. ರಾಮನ್ ಅವರು ಸರ್ಕಾರದ ಹಣಕಾಸು ಸೇವೆಯ ಸ್ಪರ್ಧಾ ಪರೀಕ್ಷೆಗೆ ಕುಳಿತರು. ಅದಕ್ಕಾಗಿ ಇತಿಹಾಸ, ಅರ್ಥಶಾಸ್ತ್ರಗಳಂತಹ ತಮಗೆ ಹೊಸದಾದ ವಿಷಯಗಳನ್ನು ಅಭ್ಯಾಸ ಮಾಡಿ, 1907ರಲ್ಲಿ ಪ್ರಥಮರಾಗಿ ತೇರ್ಗಡೆ ಹೊಂದಿದರು. ಅದೇ ವರ್ಷ ವಿವಾಹವಾಗಿ, ಪತ್ನಿ ಲೋಕಸುಂದರಿ ಅವರೊಡನೆ ಕಲ್ಕತ್ತೆಗೆ ತೆರಳಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಯನ್ನು ವಹಿಸಿಕೊಂಡರು.

ವಿಜ್ಞಾನ ಅಲ್ಲಿಗೇ ಮುಗಿಯಬಹುದಾಗಿತ್ತು, ಮುಗಿಯಲಿಲ್ಲ. ಬೌಬಜಾರ್ ರಸ್ತೆಯಲ್ಲಿ ಭಾರತೀಯ ವಿಜ್ಞಾನ ಪ್ರಸಾರ ಸಂಘದ ಫಲಕ ಅವರ ಕಣ್ಣಿಗೆ ಬಿದ್ದಿತು. ವೈದ್ಯರಾದ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸಾರ್ವಜನಿಕರಿಂದ ಧನ ಕೂಡಿಸಿ ಸ್ಥಾಪಿಸಿದ್ದ ಈ ಸಂಸ್ಥೆಯಲ್ಲಿ ಪ್ರಯೋಗಶಾಲೆಯಿತ್ತು, ಪ್ರಯೋಗ ಮಾಡುವವರ ಕೊರತೆಯಿತ್ತು. ರಾಮನ್ ಅವರು ಬೆಳಗ್ಗೆ ಕಚೇರಿಗೆ ಮುನ್ನವೂ ಸಂಜೆ ಕಚೇರಿಯ ನಂತರವೂ ಅಲ್ಲಿ ದುಡಿದರು. 1909ರಲ್ಲಿ ರಂಗೂನಿಗೆ, 1910ರಲ್ಲಿ ನಾಗಪುರಕ್ಕೆ ವರ್ಗವಾದರೂ ಹವ್ಯಾಸ ಬಿಡಲಿಲ್ಲ. 1911ರಲ್ಲಿ ಕಲ್ಕತ್ತೆಗೆ ಮರಳಿದ ಮೇಲೆ ಕೆಲಸ ಮತ್ತಷ್ಟು ಚುರುಕಾಯಿತು. ಹಗಲು ಲೆಕ್ಕಪತ್ರ, ಉಳಿದ ವೇಳೆ ನಾದ ಮತ್ತು ಬೆಳಕಿನ ಅಧ್ಯಯನ. ಹೀಗೆ ಹತ್ತು ವರ್ಷಗಳ ಕಾಲ ಸರ್ಕಾರದ ವೇತನವೇ ಅವರ ವಿಜ್ಞಾನವನ್ನು ಸಾಕಿತು. ಪಿಟೀಲಿನ ತಂತಿ, ವೀಣೆ, ತಂಬೂರಿ, ಮೃದಂಗಗಳ ನಾದರಹಸ್ಯವನ್ನು ಆ ಕಾಲದಲ್ಲಿಯೂ ಅನಂತರವೂ ಅವರು ಶೋಧಿಸಿದ ಬಗೆಯನ್ನು ನೋಡಿದರೆ, ಕಲೆ ಮತ್ತು ವಿಜ್ಞಾನಗಳ ನಡುವೆ ನಾವು ಕಟ್ಟಿರುವ ಗೋಡೆ ಎಷ್ಟು ತೆಳುವಾದುದೆಂಬುದು ಅರಿವಾಗುತ್ತದೆ.

1917ರಲ್ಲಿ ನಿರ್ಣಾಯಕ ಗಳಿಗೆ ಒದಗಿತು. ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಸ್ವೀಕರಿಸುವಂತೆ ಸರ್ ಆಶುತೋಷ ಮುಖರ್ಜಿ ಅವರು ಆಹ್ವಾನಿಸಿದರು. ಸಂಬಳ ಸರ್ಕಾರಿ ಹುದ್ದೆಯ ಸುಮಾರು ಅರ್ಧದಷ್ಟು. ಅಧಿಕಾರ, ಬಡ್ತಿ, ಭದ್ರತೆಗಳೆಲ್ಲ ಹಳೆಯ ಹುದ್ದೆಯ ಪಾಲಿಗಿದ್ದವು. ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಬಂಧನೆಯೂ ಆ ಪೀಠಕ್ಕಿತ್ತು; ರಾಮನ್ ಅವರು ಒಪ್ಪದಿರಲು ಅದನ್ನು ಅವರಿಗಾಗಿ ಸಡಿಲಿಸಲಾಯಿತು. ಅವರು ಹುದ್ದೆಗೆ ರಾಜೀನಾಮೆಯಿತ್ತು ಅಧ್ಯಾಪಕರಾದರು.

ಈ ಪೀಠದ ಹಿನ್ನೆಲೆಯೂ ಬೋಧಪ್ರದವಾದುದು. ಅದಕ್ಕೆ ಧನವಿತ್ತ ತಾರಕನಾಥ ಪಾಲಿತ್ ಅವರು ವಿಜ್ಞಾನಿಯಲ್ಲ, ನ್ಯಾಯವಾದಿ. ಆಹ್ವಾನವಿತ್ತ ಮುಖರ್ಜಿ ಅವರು ಗಣಿತವನ್ನು ಓದಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದವರು. ನ್ಯಾಯಶಾಸ್ತ್ರದ ಗಳಿಕೆ ಭೌತಶಾಸ್ತ್ರಕ್ಕೆ ದಾಸೋಹವಾಗಿ ಸಂದಿತು. ಒಬ್ಬರು ಗಳಿಸಿ ಕೊಟ್ಟರು, ಒಬ್ಬರು ಗುರುತಿಸಿ ಕರೆದರು, ಒಬ್ಬರು ತೊರೆದು ಬಂದರು. ಮೂವರ ಕಾಯಕವೂ ಒಂದೆಡೆ ಕೂಡಿತು.

ಫಲ ಶೀಘ್ರವಾಗಿಯೇ ದೊರೆಯಿತು. 1921ರಲ್ಲಿ ಯುರೋಪಿಗೆ ಹೋಗಿ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಮನವನ್ನು ಸೆಳೆಯಿತು. ಆಕಾಶದ ಪ್ರತಿಬಿಂಬ ಮಾತ್ರದಿಂದ ಆ ಬಣ್ಣ ಬಂದುದಲ್ಲವೆಂದೂ ನೀರಿನ ಅಣುಗಳೇ ಬೆಳಕನ್ನು ಚದುರಿಸುವುವೆಂದೂ ಅವರು ತೋರಿಸಿದರು. ಅದೇ ಜಾಡಿನಲ್ಲಿ ಕೆ.ಎಸ್. ಕೃಷ್ಣನ್ ಮೊದಲಾದ ಶಿಷ್ಯರೊಡನೆ ನಡೆಸಿದ ಪ್ರಯೋಗಗಳಿಂದ, ಚದುರಿದ ಬೆಳಕಿನಲ್ಲಿ ಒಂದಂಶ ತನ್ನ ಬಣ್ಣವನ್ನೇ ಬದಲಿಸುವುದೆಂಬ ಸತ್ಯ 1928ರ ಫೆಬ್ರವರಿ 28ರಂದು ಸ್ಥಿರಪಟ್ಟಿತು. 1930ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಅವರು, 1948ರವರೆಗೆ ಅಲ್ಲಿ ಸೇವೆ ಸಲ್ಲಿಸಿ, ಬಳಿಕ ಮೈಸೂರು ಅರಸರು ನೀಡಿದ್ದ ಭೂಮಿಯಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿ ಬೆಳೆಸಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿಯೇ ಅವರ ದೇಹಾಂತ್ಯವಾಯಿತು.

ಎಲ್ಲರೂ ರಾಮನ್ ಅವರಂತೆ ಹುದ್ದೆಯನ್ನು ತ್ಯಜಿಸಲೆಂದು ಈ ಚರಿತೆ ಹೇಳುವುದಿಲ್ಲ. ಅವರು ಕೂಡ ತ್ಯಜಿಸುವ ಮುನ್ನ ಹತ್ತು ವರ್ಷ ದುಡಿದರು; ಅನ್ನದ ಕಾಯಕವನ್ನು ಕೀಳೆಂದು ಬಗೆಯಲಿಲ್ಲ. ಕಲಾ ವಿಭಾಗದ ವಿಷಯಗಳು ಅವರಿಗೆ ಜೀವನೋಪಾಯವನ್ನು ಒದಗಿಸಿದವು, ವಿಜ್ಞಾನ ಜೀವನಕ್ಕೆ ಅರ್ಥವನ್ನು ಒದಗಿಸಿತು. ಎರಡರಲ್ಲಿಯೂ ಶ್ರದ್ಧೆ ಒಂದೇ ಆಗಿತ್ತು. ಅಂಕಗಳ ಪಟ್ಟಿಯನ್ನು ನೋಡಿ ಮಗುವನ್ನು ಒಂದು ವಿಭಾಗಕ್ಕೆ ಅಟ್ಟುವ ಮುನ್ನ ಆ ಮಗುವಿನ ಒಲವು ಯಾವುದೆಂದು ಅರಿಯುವುದು ಉಪಾಧ್ಯಾಯರ ಧರ್ಮ. ಉದ್ಯೋಗ ಹಿಡಿದ ಬಳಿಕವೂ ಕಲಿತ ವಿದ್ಯೆಯನ್ನು ಬತ್ತಗೊಡದಿರುವುದು ಹಳೆಯ ವಿದ್ಯಾರ್ಥಿಗಳ ಧರ್ಮ. ಅಂತಹ ಒಲವಿಗೆ ಒಂದು ಪ್ರಯೋಗಶಾಲೆಯನ್ನೋ ಗ್ರಂಥಭಂಡಾರವನ್ನೋ ಒದಗಿಸುವುದು ದಾನಿಗಳ ಧರ್ಮ. ಈ ಮೂರೂ ಕೂಡಿದಲ್ಲಿ ವಿದ್ಯಾರ್ಥಿಯು ಯಾವ ದಾರಿಯನ್ನು ಹಿಡಿದರೂ ಅದು ಬೆಳಕಿನ ಕಡೆಗೇ ಸಾಗುವುದು.