ಕೆನೆತ್ ಆಂಡರ್ಸನ್ನರೂ ನಾಗವಾರದ ಕರಡಿಯೂ

ಕಾಲೇಜಿನ ವಾರ್ಷಿಕ ಸಂಚಿಕೆಯೆಂದ ಮೇಲೆ ಅದರಲ್ಲಿ ಒಂದೆರಡಾದರೂ ಮಹನೀಯರ ಜೀವನ ಚರಿತ್ರೆಗಳು ಇರಲೇಬೇಕು. ಶರಣರು, ದೇಶಭಕ್ತರು, ಕವಿಗಳು, ವಿಜ್ಞಾನಿಗಳು ಇವರ ಚರಿತ್ರೆಗಳನ್ನು ನಾವು ಓದುತ್ತ ಬಂದಿದ್ದೇವೆ. ಆ ಸಾಲಿನಲ್ಲಿ ಒಬ್ಬ ಬೇಟೆಗಾರನನ್ನು ತಂದು ನಿಲ್ಲಿಸುವುದು ಸರಿಯೆ ಎಂದು ಕೆಲವರು ಕೇಳಬಹುದು. ಅದರಲ್ಲಿಯೂ ಜೀವದಯೆಯನ್ನೇ ಧರ್ಮದ ಬುಡವೆಂದು ತಿಳಿಸಿದ ಬಸವಣ್ಣನವರ ಕಲ್ಯಾಣದಲ್ಲಿ ಕುಳಿತು, ಕೋವಿ ಹಿಡಿದವನ ಗುಣಗಾನ ಮಾಡುವುದೆಂದರೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಈ ಪ್ರಶ್ನೆ ನನ್ನನ್ನೂ ಕಾಡಿತು. ಆದರೆ ಕೆನೆತ್ ಆಂಡರ್ಸನ್ನರ ಜೀವನವನ್ನು, ವಿಶೇಷವಾಗಿ ಅವರು ಒಬ್ಬ ಬಡ ಗೆಳೆಯನಿಗಾಗಿ ಮಾಡಿದ ಒಂದು ಕರಡಿ ಬೇಟೆಯನ್ನು ಓದಿದ ಮೇಲೆ, ಅವರನ್ನು ಮಿತ್ರರಿಗೆ ಪರಿಚಯ ಮಾಡಿಕೊಡಲೇಬೇಕೆಂದು ನನಗೆ ಅನ್ನಿಸಿತು.

ಆಂಡರ್ಸನ್ನರು ಜನಿಸಿದ್ದು 1910ನೆಯ ಇಸವಿ ಮಾರ್ಚ್ 8ರಂದು, ಸಿಕಂದರಾಬಾದಿನ ಬಳಿಯ ಬೊಲಾರಮ್ಮಿನಲ್ಲಿ. ಆಗ ಬೊಲಾರಮ್ಮೂ ನಮ್ಮ ಕಲ್ಯಾಣ, ಹುಮನಾಬಾದುಗಳೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದವು. ಹೀಗೆ ನೋಡಿದರೆ ಅವರು ನಮ್ಮ ಸೀಮೆಗೆ ತೀರ ಹೊರಗಿನವರೇನೂ ಅಲ್ಲ. ಅವರ ಪೂರ್ವಜರು ಸ್ಕಾಟ್ಲೆಂಡಿನವರು. ಆರು ತಲೆಮಾರುಗಳಿಂದ ಹಿಂದುಸ್ಥಾನದಲ್ಲಿಯೇ ನೆಲೆಸಿದವರು. ತಂದೆ ಪುಣೆಯಲ್ಲಿ ಸೈನ್ಯದ ಸಂಬಳದ ಲೆಕ್ಕ ನೋಡುವ ಕಚೇರಿಯ ಅಧಿಕಾರಿಗಳಾಗಿದ್ದರು. ಬೇಟೆಯ ಗೀಳು ಮಗನಿಗೆ ಬಂದದ್ದು ತಂದೆಯಿಂದಲೇ.

ವಿದ್ಯಾಭ್ಯಾಸ ನಡೆದದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಹಾಗೂ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ. ನ್ಯಾಯಶಾಸ್ತ್ರ ಓದಲೆಂದು ಹಿರಿಯರು ಅವರನ್ನು ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಆ ಓದನ್ನು ನಡುವಿನಲ್ಲಿಯೇ ಬಿಟ್ಟು ಅವರು ಹಿಂದಿರುಗಿದರು. ಮುಂದೆ ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದು, ಅನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಗಳಾದರು. ಆ ಕಾರ್ಖಾನೆಯೇ ಇಂದಿನ ಹಿಂದುಸ್ತಾನ್ ಏರೋನಾಟಿಕ್ಸ್. ವಾರವೆಲ್ಲ ನೌಕರಿ, ರಜೆ ಸಿಕ್ಕೊಡನೆ ಕಾಡು, ಇದೇ ಅವರ ಬಾಳಿನ ಕ್ರಮವಾಯಿತು. ರಾಜಮಹಾರಾಜರಂತೆ ನೂರಾರು ಆಳು, ಆನೆ, ಡೇರೆಗಳನ್ನು ಕಟ್ಟಿಕೊಂಡು ಹೋಗುವ ಶಿಕಾರಿ ಅವರದಲ್ಲ. ಒಂದು ಹಳೆಯ ಮೋಟಾರು, ಒಂದು .405 ವಿಂಚೆಸ್ಟರ್ ರೈಫಲ್, ರಾತ್ರಿಗೊಂದು ಟಾರ್ಚು, ಇಷ್ಟೇ ಅವರ ಸಲಕರಣೆ. ಕನ್ನಡ, ತಮಿಳು ಭಾಷೆಗಳಲ್ಲಿ ಹಳ್ಳಿಗರೊಡನೆ ಸಲೀಸಾಗಿ ಮಾತನಾಡುತ್ತಿದ್ದರು. ಕಾಡಿನ ವಿದ್ಯೆಯನ್ನು ತಮಗೆ ಕಲಿಸಿದವನು ಬೈರನೆಂಬ ಗಿರಿಜನ ಪೂಜಾರಿಯೆಂದು ಅವರು ಕೃತಜ್ಞತೆಯಿಂದ ಬರೆದಿದ್ದಾರೆ. ಮೈಮೇಲೆ ಸರಿಯಾದ ಬಟ್ಟೆಯಿಲ್ಲದ, ಅಕ್ಷರವೇ ಅರಿಯದ ಮನುಷ್ಯನೊಬ್ಬನನ್ನು ಗುರುವೆಂದು ಒಪ್ಪಿಕೊಳ್ಳುವ ದೊರೆಗಳು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು?

ಸರಕಾರಿ ದಾಖಲೆಗಳ ಪ್ರಕಾರ 1939ರಿಂದ 1966ರ ವರೆಗೆ ಅವರು 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದರು. ಈ ಅನುಭವಗಳನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದ ಮೇಲೆ ಅವರ ಹೆಸರು ದೇಶದೇಶಗಳಿಗೆ ಹಬ್ಬಿತು. ಮೊದಲ ಪುಸ್ತಕ 1954ರಲ್ಲಿ, ಎರಡನೆಯದು 1957ರಲ್ಲಿ ಹೊರಬಂದವು. ನಾನು ಹೇಳಹೊರಟಿರುವ ಕರಡಿಯ ಪ್ರಸಂಗ ಇರುವುದು ಈ ಎರಡನೆಯ ಪುಸ್ತಕದಲ್ಲಿ.

ಕಥೆಗೆ ಹೋಗುವ ಮೊದಲು ಕರಡಿಯ ಸ್ವಭಾವವನ್ನು ತುಸು ತಿಳಿಯುವುದು ಒಳ್ಳೆಯದು. ನಮ್ಮ ನಾಡಿನ ಕರಡಿ ಮಾಂಸಕ್ಕಾಗಿ ಬೇಟೆಯಾಡುವ ಪ್ರಾಣಿಯಲ್ಲ. ಗೆದ್ದಲು, ಜೇನು, ಕಾಡುಹಣ್ಣು ಇವೇ ಅದರ ಆಹಾರ. ಅದರ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲುಗಳೇ ಇರುವುದಿಲ್ಲ. ಆ ಸಂದಿನಿಂದ ಗೆದ್ದಲನ್ನು ಸೊರ್ರನೆ ಹೀರುತ್ತದೆ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮೂಗು ಬಹಳ ಚುರುಕು, ಕಣ್ಣು ಕಿವಿಗಳು ಮಂದ. ತೊಡಕು ಇರುವುದು ಇಲ್ಲಿಯೇ. ಮನುಷ್ಯ ತೀರ ಹತ್ತಿರ ಬರುವವರೆಗೂ ಅದಕ್ಕೆ ಸುಳಿವು ಹತ್ತುವುದಿಲ್ಲ. ಆಮೇಲೆ ಗಾಬರಿಯಿಂದ ಎದ್ದು ನಿಂತು ಉಗುರುಗಳಿಂದ ಮುಖಕ್ಕೇ ಬಗೆಯುತ್ತದೆ. ಹುಲಿಗಿಂತಲೂ ಕರಡಿಗೆ ಹಳ್ಳಿಗರು ಹೆಚ್ಚು ಅಂಜುವುದು ಇದೇ ಕಾರಣದಿಂದ.

ಹಳೆಯ ಮೈಸೂರು ಸಂಸ್ಥಾನದ ಅರಸೀಕೆರೆ ಬೆಂಗಳೂರಿನಿಂದ ಸುಮಾರು 105 ಮೈಲು ವಾಯವ್ಯಕ್ಕಿದೆ. ಅದರ ಪೂರ್ವಕ್ಕಿರುವ ನಾಗವಾರದ ಗುಡ್ಡಗಳಲ್ಲಿ ಇಂಥದೊಂದು ಕರಡಿ ನೆಲೆ ಮಾಡಿತ್ತು. ಹಗಲೆಲ್ಲ ಬಂಡೆಗಳ ಸಂದಿಯಲ್ಲಿ ಮಲಗಿ, ಕತ್ತಲಾದ ಮೇಲೆ ತಪ್ಪಲಿನ ಹೊಲಗಳಿಗೆ ಇಳಿಯುತ್ತಿತ್ತು. ಹೊಲ ಕಾಯುವವರು, ದಾರಿಹೋಕರು ಒಬ್ಬೊಬ್ಬರಾಗಿ ಅದರ ಕೈಗೆ ಸಿಕ್ಕರು. ಕನಿಷ್ಠ 12 ಮಂದಿ ಸತ್ತರು. ಸುಮಾರು ಎರಡು ಡಜನ್ ಜನ ಗಾಯಗೊಂಡರು. ಬದುಕಿ ಉಳಿದವರ ಪಾಡನ್ನು ಹೇಳುವುದೂ ಕಷ್ಟ. ಕೆಲವರಿಗೆ ಕಣ್ಣು ಹೋಯಿತು, ಕೆಲವರಿಗೆ ಮೂಗು ಹೋಯಿತು, ಕೆಲವರ ಕೆನ್ನೆಗಳೇ ಕಿತ್ತುಹೋದವು.

ಈ ಭಾಗವನ್ನು ಓದುವಾಗ ನನಗೆ ನಮ್ಮ ಹಳ್ಳಿಗಳ ನೆನಪಾಯಿತು. ನಮ್ಮಲ್ಲಿ ಕರಡಿಯಿಲ್ಲ, ಕಾಡುಹಂದಿಗಳಿವೆ. ಜೋಳ ಹಾಲುಗಾಳಾದಾಗ ಕೈಯಲ್ಲಿ ಬಡಿಗೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಮ್ಮ ತಂದೆಯವರು ರಾತ್ರಿ ಹೊಲಕ್ಕೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರು ಬೆಳಿಗ್ಗೆ ಹಿಂದಿರುಗುವವರೆಗೂ ಅವ್ವ ಬಾಗಿಲ ಕಡೆಗೇ ನೋಡುತ್ತಿರುತ್ತಾಳೆ. ಕಾಡುಪ್ರಾಣಿ ಕೆಲವರಿಗೆ ಚಿತ್ರದಲ್ಲಿ ನೋಡುವ ವಸ್ತು. ಹೊಲ ಕಾಯುವವನಿಗಾದರೋ ಅದು ಪ್ರಾಣದ ಪ್ರಶ್ನೆ. ನಾಗವಾರದ ರೈತರ ಭಯವನ್ನು ಈ ಕಡೆಯಿಂದ ನೋಡಿದರೆ ಮಾತ್ರ ಆಂಡರ್ಸನ್ನರು ಮಾಡಿದ ಕೆಲಸದ ಬೆಲೆ ತಿಳಿಯುತ್ತದೆ.

ಆದರೂ ಮೊದಮೊದಲು ಅವರು ಈ ಕರಡಿಯ ಸುದ್ದಿಗೆ ಹೆಚ್ಚು ಗಮನ ಕೊಡಲಿಲ್ಲ. ಅವರನ್ನು ಎಬ್ಬಿಸಿದ್ದು ಒಂದು ಅಂಚೆ ಕಾರ್ಡು. ಅರಸೀಕೆರೆಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಮುಸಲ್ಮಾನ ಸಂತರೊಬ್ಬರ ಸಮಾಧಿಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಎಂಬ ಮುದುಕರು ಆಂಡರ್ಸನ್ನರ ಹಳೆಯ ಗೆಳೆಯರು. ಹುಮನಾಬಾದಿನ ಮಾಣಿಕನಗರವನ್ನೂ ಕಲ್ಯಾಣದ ರಾಜಾ ಬಾಗಸವಾರ ದರ್ಗಾವನ್ನೂ ಬಲ್ಲ ನಮಗೆ ಇಂಥ ಸ್ಥಳಗಳ ರೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಮತ ಕೇಳದೆ ದಾರಿಹೋಕರೆಲ್ಲ ಕೈಮುಗಿದು ಮುಂದೆ ಹೋಗುವ ಸ್ಥಳ ಅದು. ಒಂದು ರಾತ್ರಿ ಆ ಮುದುಕರ ಮಗನ ಮೇಲೆ ಕರಡಿ ಬಿದ್ದಿತು. ಆತ ಹೆಚ್ಚುಕಡಿಮೆ ನಮ್ಮದೇ ವಯಸ್ಸಿನವನು. ಬದುಕಲಿಲ್ಲ. ತಂತಿ ಕೊಡಲು ತಂದೆಯ ಬಳಿ ಹಣವಿರಲಿಲ್ಲ. ನಡುಗುವ ಕೈಯಿಂದ, ಪೆನ್ಸಿಲಿನಲ್ಲಿ, ಉರ್ದು ಲಿಪಿಯಲ್ಲಿ ಒಂದು ಕಾರ್ಡು ಬರೆದು ಹಾಕಿದರು. ಅದು ಬೆಂಗಳೂರು ತಲುಪಲು ಎರಡು ದಿನ ಹಿಡಿಯಿತು. ಆಂಡರ್ಸನ್ನರು ಹೊರಡಲು ಒಂದು ಗಂಟೆಯೂ ಹಿಡಿಯಲಿಲ್ಲ.

ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಈ ಸಂಗತಿಯೇ. ಕಾರ್ಡು ಬರೆದವರು ಜಮೀನ್ದಾರರಲ್ಲ, ಅಮಲ್ದಾರರಲ್ಲ. ಅವರಿಂದ ಆಗಬೇಕಾದ ಲಾಭ ಒಂದೂ ಇರಲಿಲ್ಲ. ಸತ್ತ ಮಗನನ್ನು ಬದುಕಿಸುವುದಂತೂ ಯಾರಿಂದಲೂ ಆಗದ ಮಾತು. ಆದರೂ ಗೆಳೆಯ ಕರೆದಿದ್ದಾನೆ, ಹೋಗಬೇಕು. ಇಷ್ಟೇ ವಿಚಾರ.

ಹೋದೊಡನೆ ಕೆಲಸ ಮುಗಿಯಲಿಲ್ಲ. ಸುಲಭವಾಗಿ ಮುಗಿಸಬಹುದೆಂದು ಎಣಿಸಿ ಬಂದವರು ಕರಡಿಯ ಸುಳಿವೇ ಸಿಗದೆ ಮೊದಲ ಸಲ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಕೆಲಕಾಲದ ಮೇಲೆ ಚಿಕ್ಕಮಗಳೂರು ಸೀಮೆಯ ಸಕ್ಕರೆಪಟ್ಟಣದ ಹತ್ತಿರ ಕರಡಿಯ ಹಾವಳಿಯೆಂದು ಸುದ್ದಿ ಬಂದಿತು. ರಜೆ ಪಡೆದು, ಮೋಟಾರು ಹೂಡಿ ಮತ್ತೆ ಹೊರಟರು. ಕೊನೆಗೆ ಮೂರನೆಯ ಪ್ರಯತ್ನದಲ್ಲಿ ಅದು ಎದುರಾಯಿತು. ಅವರ ಗುಂಡು ಅದರ ಎದೆಗೆ ತಗುಲಿತು. ಹೀಗೆ ಗೆಳೆಯನಿಗೆ ಸಲ್ಲಿಸಬೇಕಾದ ಋಣ ಸಂದಿತು. ಆ ಸೀಮೆಯ ರೈತರು ಮತ್ತೆ ನಿರ್ಭಯವಾಗಿ ಹೊಲಕ್ಕೆ ಹೋಗುವಂತಾಯಿತು.

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಆ ಕರಡಿ ಹಾಗೇಕೆ ಕೆಟ್ಟಿತು? ಹಳ್ಳಿಗರಲ್ಲಿ ಹಲವು ಕಥೆಗಳಿದ್ದವು. ಅದರ ಮರಿಗಳನ್ನು ಯಾರೋ ಕದ್ದರಂತೆ. ಆ ಸೇಡಿನಿಂದ ಅದು ಮನುಷ್ಯರ ಮೇಲೆ ಬೀಳುತ್ತಿತ್ತಂತೆ. ಹುಡುಗಿಯೊಬ್ಬಳನ್ನು ಅದು ಹೊತ್ತೊಯ್ದಿತ್ತೆಂಬ ಕಟ್ಟುಕಥೆಯೂ ಹಬ್ಬಿತ್ತು. ಆಂಡರ್ಸನ್ನರ ಅಭಿಪ್ರಾಯ ಬೇರೆ. ಹಿಂದೆ ಯಾವನೋ ಮನುಷ್ಯ ಅದನ್ನು ಗಾಯಗೊಳಿಸಿರಬೇಕು, ಆ ನೋವೇ ಅದನ್ನು ಮನುಷ್ಯವೈರಿಯನ್ನಾಗಿ ಮಾಡಿರಬೇಕು ಎಂದು ಅವರು ತರ್ಕಿಸಿದರು. ನರಭಕ್ಷಕ ಹುಲಿ ಚಿರತೆಗಳ ವಿಷಯದಲ್ಲಿಯೂ ಅವರು ಬಹುಮಟ್ಟಿಗೆ ಇದನ್ನೇ ಹೇಳಿದ್ದಾರೆ. ಗೆದ್ದ ಬೇಟೆಗಾರ ತಾನು ಕೊಂದ ಪ್ರಾಣಿಯನ್ನು ರಾಕ್ಷಸನೆಂದು ಬಣ್ಣಿಸಿದಷ್ಟೂ ಅವನ ಕೀರ್ತಿ ಹೆಚ್ಚುತ್ತದೆ. ಆಂಡರ್ಸನ್ನರು ಮಾತ್ರ ಕೊಂದ ಮೇಲೂ ಅದರ ಪರವಾಗಿ ಒಂದು ಮಾತು ಹೇಳಿದರು. ತಪ್ಪಿನ ಮೂಲ ಮನುಷ್ಯನಲ್ಲಿದೆಯೆಂದು ತೋರಿಸಿದರು. ಮುದುಕನ ಕಣ್ಣೀರಿನ ಮೇಲೂ ದಯೆ, ಮೃಗದ ನೋವಿನ ಮೇಲೂ ದಯೆ. ಇದನ್ನು ಕಂಡ ಮೇಲೆ, ಕಲ್ಯಾಣದ ನೆಲದಲ್ಲಿ ನಿಂತು ಅವರ ಹೆಸರು ಹೇಳಲು ನನಗೆ ಸಂಕೋಚವಾಗುವುದಿಲ್ಲ.

ವಯಸ್ಸಾದಂತೆ ಅವರ ಒಲವು ಬೇಟೆಯಿಂದ ಕಾಡನ್ನು ಉಳಿಸುವ ಕಡೆಗೆ ತಿರುಗಿತು. ತಾವು ಕಂಡ ಕಾಡುಗಳು ಕಣ್ಣೆದುರಿಗೇ ಬಯಲಾಗುತ್ತಿವೆಯೆಂಬ ಕೊರಗು ಅವರ ಬರಹದಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1974ನೆಯ ಇಸವಿ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕೊನೆಯ ಪುಸ್ತಕ ಅಚ್ಚಾದದ್ದು ಮರಣಾನಂತರ. ಕನ್ನಡಿಗರ ಮನೆಮನೆಗೆ ಅವರನ್ನು ತಲುಪಿಸಿದ ಕೀರ್ತಿ ಪೂರ್ಣಚಂದ್ರ ತೇಜಸ್ವಿಯವರದು. ಅವರ ‘ಕಾಡಿನ ಕತೆಗಳು’ ಮಾಲೆಯನ್ನು ಒಮ್ಮೆ ಹಿಡಿದವರು ಮುಗಿಸದೆ ಕೆಳಗಿಡುವುದು ಕಷ್ಟ. ನನಗೂ ಆಂಡರ್ಸನ್ನರ ಹೆಸರು ಮೊದಲು ಪರಿಚಯವಾದದ್ದು ಆ ಮಾಲೆಯಿಂದಲೇ.

ಈಗ ಕಾಲ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕರಡಿಯನ್ನು ಬೇಟೆಯಾಡುವುದು ಅಪರಾಧ. ಮೂಗಿಗೆ ಹಗ್ಗ ಪೋಣಿಸಿ ಊರೂರಿಗೆ ಕುಣಿಸುತ್ತ ಬರುತ್ತಿದ್ದ ಕರಡಿಯಾಟವೂ 2009ರ ಹೊತ್ತಿಗೆ ನಿಂತಿತು. ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿಯೇ, ಹಂಪಿಗೆ ಸಮೀಪದ ದರೋಜಿಯಲ್ಲಿ, 1994ರಲ್ಲಿ ಕರಡಿಗಳಿಗೆಂದೇ ಒಂದು ಧಾಮ ಸ್ಥಾಪನೆಯಾಗಿದೆ. ಅಲ್ಲಿ ಸಂಜೆ ಬಂಡೆಗಳ ನಡುವಿನಿಂದ ಇಳಿದು ಬರುವ ಕರಡಿಗಳನ್ನು ಜನರು ದೂರದಿಂದ ನೋಡಿ ಸಂತೋಷಪಡುತ್ತಾರೆ. ಇದು ಒಳ್ಳೆಯದೇ. ಆದರೆ ಧಾಮದ ಸುತ್ತಲಿನ ಹೊಲಗಳಲ್ಲಿ ಇಂದಿಗೂ ರಾತ್ರಿ ಕಾವಲಿಗೆ ಹೋಗುವವರು ಬಡ ರೈತರೆಂಬುದನ್ನು ನಾವು ಮರೆಯಬಾರದು. ಕರಡಿಯನ್ನು ಉಳಿಸಬೇಕು; ಹೊಲ ಕಾಯುವವನೂ ಉಳಿಯಬೇಕು. ಒಬ್ಬರಿಗಾಗಿ ಇನ್ನೊಬ್ಬರನ್ನು ಮರೆತರೆ ಅದು ದಯೆಯೆನಿಸದು.

ಆಂಡರ್ಸನ್ನರ ರೈಫಲು ನಮಗೆ ಬೇಡ, ಅದರ ಕಾಲ ಮುಗಿಯಿತು. ಅವರಿಂದ ನಾವು ಕಲಿಯಬೇಕಾದದ್ದು ಬೇರೆಯಿದೆ. ಪದವಿ ಪಡೆದು ನಾಳೆ ನಮ್ಮಲ್ಲಿ ಕೆಲವರು ಕಚೇರಿಗಳಲ್ಲಿ, ಕೆಲವರು ಶಾಲೆಗಳಲ್ಲಿ, ಕೆಲವರು ದೂರದ ಪಟ್ಟಣಗಳಲ್ಲಿ ಕುಳಿತಿರುತ್ತೇವೆ. ಆಗ ಹಳ್ಳಿಯಿಂದ ಯಾರೋ ಒಬ್ಬರು ತಮಗೆ ತಿಳಿದಂತೆ ನಾಲ್ಕು ಸಾಲು ಬರೆದು ಕರೆಯಬಹುದು. ಆ ಕರೆ ಬಂದ ದಿನ ಆಂಡರ್ಸನ್ನರಂತೆ ಕೂಡಲೇ ಎದ್ದು ಹೊರಡುವ ಮನಸ್ಸು ನಮಗೆಲ್ಲರಿಗೂ ಬರಲಿ ಎಂದು ಹಾರೈಸುತ್ತೇನೆ.