ಜಾನ್ ಕ್ಯಾಮರಾನ್ ತಂದ ಬಳ್ಳಿ

ನಮ್ಮ ಹುಳಿಯಲ್ಲಿ ಬೇಯುವ ಸೀಮೆಬದನೆಯ ತವರು ದೂರದ ಮೆಕ್ಸಿಕೊ. ಅದನ್ನು ಬೆಂಗಳೂರಿನ ಮಣ್ಣಿಗೆ ತಂದ ಮಹನೀಯರು ಜಾನ್ ಕ್ಯಾಮರಾನ್.

ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ಇವರು 1874ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿ ಬಂದರು. ಅಲ್ಲಿಯ ಪ್ರಸಿದ್ಧ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದುದು ಇವರ ಕಾಲದಲ್ಲಿಯೇ. ಜನರು ಅದನ್ನು ನೋಡಿ ಬೆರಗಾಗುತ್ತಾರೆ. ನನಗಾದರೋ ಅವರು ತರಕಾರಿಗಾಗಿ ಪಟ್ಟ ಶ್ರಮವೇ ದೊಡ್ಡದೆಂದು ತೋರುತ್ತದೆ. ಪರದೇಶದ ಸಸ್ಯಗಳನ್ನು ತರಿಸಿ, ಇಲ್ಲಿಯ ಹವೆಗೆ ಒಗ್ಗುವುವೇ ಎಂದು ಬೆಳೆಸಿ ನೋಡುತ್ತಿದ್ದರು. ಸೀಮೆಬದನೆ ಒಗ್ಗಿತು, ಹಿತ್ತಿಲ ಚಪ್ಪರಗಳನ್ನೇರಿತು. ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆಯೆಂದೇ ಕರೆದರು. ನಾವು ಮಾತ್ರ ಇನ್ನೂ ಸೀಮೆಯದೆನ್ನುತ್ತೇವೆ! (ಊರು ಬಿಟ್ಟು ಬಂದವರಿಗೆ ಇದು ಹೊಸ ಸಂಗತಿಯಲ್ಲ.) ತಂದವರ ಹೆಸರು ಎರಡರಲ್ಲಿಯೂ ಇಲ್ಲ. ಕ್ಯಾಮರಾನ್ 34 ವರ್ಷ ದುಡಿದು 1908ರಲ್ಲಿ ಅಧಿಕಾರ ಬಿಟ್ಟರು.

ಡೊಂಬಿವಲಿಯಲ್ಲಿ ಹಿತ್ತಿಲೆಲ್ಲಿ ಎನ್ನುವಿರಾ, ಮಕ್ಕಳೇ? ಈ ಕಾಯಿಯೊಳಗೆ ಒಂದೇ ಬೀಜ. ಅದನ್ನು ಬಿಡಿಸಿ ನೆಡುವಂತಿಲ್ಲ. ಬಲಿತ ಕಾಯಿಯನ್ನು ಅಡಿಗೆಮನೆಯ ಮೂಲೆಯಲ್ಲಿಟ್ಟರೆ ತಾನೇ ಮೊಳೆಯುತ್ತದೆ. ಆಗ ಅದನ್ನು ದೊಡ್ಡ ಕುಂಡದಲ್ಲಿ ಅರ್ಧ ಹೂತು, ಗ್ಯಾಲರಿಯ ಕಂಬಿಗೆ ಹಗ್ಗ ಕಟ್ಟಿರಿ. ತಂಪನ್ನು ಬಯಸುವ ಬಳ್ಳಿಯದು. ನಮ್ಮ ಸೆಕೆಯಲ್ಲಿ ಕಾಯಿ ಬಿಡುವುದೋ ಇಲ್ಲವೋ, ಬೆಳೆಸಿಯೇ ನೋಡಬೇಕು.