ಸೈತಾನನ ವಕೀಲರಾಗಿದ್ದ ಜಗದ್ಗುರು

ಸಭೆಯಲ್ಲಿ ಎಲ್ಲರೂ ತಲೆದೂಗಿದ ಸಲಹೆಗೆ ಒಬ್ಬರು ಎದುರುವಾದ ಹೂಡಿದರೆ, ಇಂಗ್ಲಿಷ್ ಬಲ್ಲವರು ಅವರನ್ನು ‘ಡೆವಿಲ್ಸ್ ಅಡ್ವೊಕೇಟ್’ ಎನ್ನುವುದುಂಟು. ಸೈತಾನನ ವಕೀಲ ಎಂದು ಇದರ ಶಬ್ದಾರ್ಥ. ಸ್ವಂತ ವಿರೋಧವಿಲ್ಲದಿದ್ದರೂ, ವಿಚಾರದ ಬಲಾಬಲ ತಿಳಿಯಲೆಂದೇ ವಾದಿಸುವವನು ಎಂಬುದು ಭಾವಾರ್ಥ. ಈ ನುಡಿಗಟ್ಟು ನಮ್ಮ ಧರ್ಮಸಭೆಯಲ್ಲಿಯೇ ಜನಿಸಿತೆಂದರೆ ಹಲವರಿಗೆ ಅಚ್ಚರಿಯಾದೀತು.

ಸಂತ ಪದವಿಯ ವಿಚಾರಣೆಯಲ್ಲಿ, ಅಭ್ಯರ್ಥಿಯ ಸದ್ಗುಣಗಳನ್ನೂ ಪವಾಡಗಳನ್ನೂ ಪ್ರಶ್ನಿಸಿ ಆಕ್ಷೇಪ ಸಲ್ಲಿಸುವ ಅಧಿಕಾರಿಯೊಬ್ಬರು ರೋಮಿನಲ್ಲಿರುತ್ತಿದ್ದರು. ವಿಶ್ವಾಸದ ಪ್ರವರ್ತಕ ಎಂಬುದು ಅವರ ಹುದ್ದೆಯ ಹೆಸರು. ಸೈತಾನನ ವಕೀಲ ಎಂಬುದು ಅಡ್ಡಹೆಸರು. 1983ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಈ ಕ್ರಮವನ್ನು ಮಾರ್ಪಡಿಸಿದ ಮೇಲೆ ಎದುರುವಾದಿಯ ಪಾತ್ರ ಬಹುಮಟ್ಟಿಗೆ ಕುಗ್ಗಿತು.

ಈ ಹುದ್ದೆಗೆ ಘನತೆ ತಂದವರಲ್ಲಿ ಪ್ರೊಸ್ಪೆರೊ ಲಾಂಬರ್ತಿನಿ ಅಗ್ರಗಣ್ಯರು. 1675ರಲ್ಲಿ ಇಟಲಿಯ ಬೊಲೊನ್ಯ ನಗರದಲ್ಲಿ ಜನಿಸಿದ ಅವರು 19ರ ಹರೆಯದಲ್ಲಿಯೇ ದೈವಶಾಸ್ತ್ರ ಹಾಗೂ ನ್ಯಾಯಶಾಸ್ತ್ರಗಳಲ್ಲಿ ಡಾಕ್ಟರ್ ಪದವಿ ಗಳಿಸಿದರು. 1708ರಿಂದ 1728ರ ತನಕ, ಪೂರಾ 20 ವರ್ಷ, ಸೈತಾನನ ವಕೀಲರಾಗಿ ದುಡಿದರು. ವೈದ್ಯಶಾಸ್ತ್ರಕ್ಕೆ ವಿವರಿಸಲು ಸಾಧ್ಯವಾಗುವ ಗುಣಮುಖವನ್ನು ಪವಾಡವೆಂದು ಅವರು ಒಪ್ಪುತ್ತಿರಲಿಲ್ಲ. ಬೊಲೊನ್ಯದ ಮಹಾಧರ್ಮಾಧ್ಯಕ್ಷರಾಗಿದ್ದಾಗ, 1734ರಿಂದ 1738ರೊಳಗೆ, ಈ ಅನುಭವವನ್ನೆಲ್ಲ ನಾಲ್ಕು ಸಂಪುಟಗಳ ಲತೀನ್ ಗ್ರಂಥವಾಗಿ ಪ್ರಕಟಿಸಿದರು. ಶತಮಾನಗಳ ಕಾಲ ಸಂತ ಪದವಿಯ ವಿಚಾರಣೆಗೆ ಅದೇ ಆಧಾರ. ಸಂಶಯ ಪಡುವವನನ್ನು ಅಲ್ಪವಿಶ್ವಾಸಿಯೆಂದು ಬದಿಗೆ ಸರಿಸುವುದು ನಮ್ಮಲ್ಲಿ ಎಷ್ಟು ಸುಲಭ! ನಾವೂ ಹಾಗೆ ಮಾಡಿಲ್ಲವೆಂದು ಹೇಳಲಾರೆವು.

ಅವರೆದುರು ಬಂದ ಪ್ರಕರಣಗಳಲ್ಲಿ ಕುಪೆರ್ತಿನೊದ ಜೋಸೆಫರದೂ ಒಂದು. 1603ರಲ್ಲಿ ಹುಟ್ಟಿದ ಈ ಫ್ರಾನ್ಸಿಸ್ಕನ್ ಸನ್ಯಾಸಿ ಓದಿನಲ್ಲಿ ತೀರ ಮಂದ; ಪ್ರಾರ್ಥನೆಯ ತನ್ಮಯತೆಯಲ್ಲಿ ನೆಲದಿಂದ ಮೇಲೇಳುತ್ತಿದ್ದರೆಂದು ಪ್ರಸಿದ್ಧಿ. ಇದನ್ನು ಕೇಳಿ ನಗುವುದು ಸುಲಭ, ಕೂಡಲೇ ನಂಬಿ ಕೈಮುಗಿಯುವುದೂ ಸುಲಭ. ಲಾಂಬರ್ತಿನಿ ಎರಡನ್ನೂ ಮಾಡದೆ ಸಾಕ್ಷಿಗಳನ್ನು ತೂಗಿದರು. ಕಣ್ಣಾರೆ ಕಂಡವರ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾಗದೆಂದು ತಮ್ಮ ಗ್ರಂಥದಲ್ಲಿಯೇ ದಾಖಲಿಸಿದರು.

1740ರಲ್ಲಿ ಆರು ತಿಂಗಳು ಎಳೆದಾಡಿದ ಚುನಾವಣೆಯ ಕೊನೆಗೆ, ಆಗಸ್ಟ್ 17ರಂದು ಕಾರ್ಡಿನಲರು ಲಾಂಬರ್ತಿನಿಯವರನ್ನೇ ಜಗದ್ಗುರುವಾಗಿ ಆರಿಸಿದರು. ಹದಿನಾಲ್ಕನೆಯ ಬೆನೆಡಿಕ್ಟ್ ಎಂಬ ಹೆಸರು ತಳೆದ ಅವರು 1753ರಲ್ಲಿ ಅದೇ ಜೋಸೆಫರನ್ನು ಪುನೀತರೆಂದು ಘೋಷಿಸಿದರು. ಜೋಸೆಫರು ಸಂತರಾದುದನ್ನು ಕಾಣುವ ಭಾಗ್ಯ ಮಾತ್ರ ಅವರಿಗಿರಲಿಲ್ಲ. 1758ರ ಮೇ 3ರಂದು ಅವರು ನಿಧನರಾದರು. ಆ ಘೋಷಣೆ ಹೊರಬಿದ್ದುದು 1767ರಲ್ಲಿ, ಅವರ ಉತ್ತರಾಧಿಕಾರಿಯ ಕಾಲದಲ್ಲಿ.